ಹೀರೋ ಮುಖ ಆಮೇಲೆ, ಮೊದಲು ಕೆಳಗಿನ ಸಾಲು

ಹಳೇ ಸಿನಿಮಾ ಪೋಸ್ಟರ್ ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ಕೆಳಗಿನ ಅಂಚನ್ನು. ಪ್ರೆಸ್ಸಿನ ಹೆಸರು, ಊರು ಎಲ್ಲ ಇರುವೆ ಸಾಲಿನ ಹಾಗೆ ಸಣ್ಣಗೆ ಅಚ್ಚಾಗಿರುತ್ತದಲ್ವಾ, ಅಲ್ಲಿ. ಈ ಅಭ್ಯಾಸ ಬಂದಿದ್ದು ದುಡ್ಡು ಕಳೆದುಕೊಂಡ ಮೇಲೆ.

ಅದು ನನ್ನ ಮೊದಲ ಆನ್‌ಲೈನ್ ಹರಾಜು. 1957ರ ‘ಮದರ್ ಇಂಡಿಯಾ’ ಪೋಸ್ಟರ್, ಮೊದಲ ಬಿಡುಗಡೆಯದ್ದು ಅಂತ ಹಾಕಿದ್ದರು. 12,000ದ ಮೇಲೆ ಹೋಗಬಾರದು ಅಂತ ಚೀಟಿಯಲ್ಲಿ ಬರೆದುಕೊಂಡೇ ಕೂತಿದ್ದೆ. ಆದರೆ ಯಾರೋ ಒಬ್ಬರು ಐನೂರು ಐನೂರು ಏರಿಸುತ್ತಾ ಹೋದರು, ನನಗೂ ಹಟ ಹತ್ತಿತು, ಚೀಟಿ ಎಲ್ಲಿ ಹೋಯಿತೋ, 18,000ಕ್ಕೆ ನನ್ನ ಹೆಸರಿಗೆ ಬಿತ್ತು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಮಾರನೇ ದಿನ ಬಿಲ್ ಬಂತು. ಬಿಡ್ ಮೇಲೆ ಶೇ. 20 ಬೈಯರ್ಸ್ ಪ್ರೀಮಿಯಂ (ಕೊಂಡವರಿಂದ ಹರಾಜಿನವರು ತೆಗೆದುಕೊಳ್ಳುವ ಕಮಿಷನ್), ಅಂದರೆ 3,600. ಜಿಎಸ್‌ಟಿ, ಕೊರಿಯರ್ ಸೇರಿ 23,000 ದಾಟಿತು. ನಿಯಮಗಳಲ್ಲಿ ಬರೆದೇ ಇತ್ತು, ಓದದೇ ಇದ್ದವನು ನಾನು.

ಪೋಸ್ಟರ್ ಬಿಚ್ಚಿ ನೋಡಿದರೆ ಕೆಳಗೆ ‘ಬಾಂಬೆ-400 004’ ಅಂತಿದೆ. ನಮ್ಮ ದೇಶಕ್ಕೆ ಆರು ಅಂಕಿಯ ಪಿನ್ ಕೋಡ್ ಬಂದಿದ್ದೇ 1972ರ ಆಗಸ್ಟ್ 15ಕ್ಕೆ. ಅದಕ್ಕೂ ಮುಂಚೆ ‘ಬಾಂಬೆ-4’ ಅಂತ ಬರೆದರೆ ಮುಗಿಯಿತು, ನಮ್ಮ ಗಾಂಧಿನಗರಕ್ಕೆ ‘ಬೆಂಗಳೂರು-9’ ಅಂದ ಹಾಗೆ. 1957ರ ಕಾಗದಕ್ಕೆ 1972ರ ಪಿನ್ ಎಲ್ಲಿಂದ ಬರಬೇಕು? ಮರುಬಿಡುಗಡೆಗೆ ಅಂತ ಆಮೇಲೆ ಅಚ್ಚು ಹಾಕಿಸಿದ್ದು. ನಕಲಿ ಏನಲ್ಲ, ಅದಕ್ಕೂ ಒಂದು ಬೆಲೆ ಇದೆ, ಆದರೆ ನಾನು ಕೊಟ್ಟ ಬೆಲೆ ಇಲ್ಲ. ಹರಾಜಿನವರಿಗೆ ಫೋನ್ ಮಾಡಿದೆ. ‘ಇದ್ದದ್ದು ಇದ್ದ ಹಾಗೇ ಮಾರಿದ್ದೇವೆ ಸಾರ್’ ಅಂದರು.

ಆವತ್ತಿನಿಂದ ವಿಳಾಸ ಓದುವುದೇ ನನ್ನ ಕಸುಬು. ‘ಮೈಸೂರು ರಾಜ್ಯ’ ಅಂತಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗಿಂತ ಹಿಂದಿನದು. ಮುಂಬೈ ಅಂತಿದ್ದರೆ ಹೆಚ್ಚಾಗಿ 1995ರ ಈಚೆಗಿನದು, ಚೆನ್ನೈ ಅಂತಿದ್ದರೆ 1996ರ ಈಚೆಗಿನದು. ಹಾಗಂತ ಪಿನ್ ಇಲ್ಲದ್ದೆಲ್ಲ ಮೊದಲ ಬಿಡುಗಡೆಯದ್ದೇ ಅಂತಲೂ ಅಲ್ಲ, 1960ರ ದಶಕದಲ್ಲೂ ಹಳೇ ಚಿತ್ರಗಳನ್ನು ಮತ್ತೆ ಮತ್ತೆ ಬಿಡುತ್ತಿದ್ದರು. ಅದಕ್ಕೇ ಜೇಬಲ್ಲಿ ಒಂದು ಭೂತಗನ್ನಡಿ ಇರುತ್ತದೆ. ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುವ ಹಳೇ ವಿಧಾನ) ಪೋಸ್ಟರ್‌ನಲ್ಲಿ ಬಣ್ಣ ಸೀಮೆಸುಣ್ಣ ಉಜ್ಜಿದ ಹಾಗೆ ತರಿತರಿಯಾಗಿ ಕಾಣುತ್ತದೆ. ಆಮೇಲೆ ಬಂದ ಆಫ್‌ಸೆಟ್ ಮುದ್ರಣ ಆದರೆ ಸಾಲಾಗಿ ಚುಕ್ಕಿಗಳು. ಇತ್ತೀಚೆಗೆ ಕಂಪ್ಯೂಟರ್‌ನಲ್ಲಿ ತೆಗೆದ ಪ್ರಿಂಟ್ ಆದರೆ ಇಂಕು ಚಿಮುಕಿಸಿದ ಹಾಗೆ. ಇನ್ನೊಂದು, ನೋಟು ಪರೀಕ್ಷೆ ಮಾಡುವ ನೀಲಿ ಲೈಟು. ಹೊಸ ಕಾಗದಕ್ಕೆ ಬಿಳುಪು ಬರಲಿ ಅಂತ ರಾಸಾಯನಿಕ ಹಾಕುತ್ತಾರೆ, ಆ ಬೆಳಕಲ್ಲಿ ಅದು ಹೊಸದಾಗಿ ಒಗೆದ ಪಂಚೆ ಥರ ಮಿಂಚುತ್ತದೆ. 1940ರ ದಶಕದ ಪೋಸ್ಟರ್ ಅಂತ ಹೇಳಿಕೊಂಡು ಮಿಂಚಿದರೆ ಸುಮ್ನೆ ಎದ್ದು ಬನ್ನಿ.

ಮಡಿಕೆ ಗುರುತು ಕಂಡು ಹೆದರಬೇಡಿ. ವಿತರಕರ ಆಫೀಸಿನಿಂದ ರೀಲಿನ ಡಬ್ಬಗಳ ಜೊತೆ ಪೋಸ್ಟರ್ ಊರೂರಿಗೆ ಹೋಗುತ್ತಿದ್ದದ್ದೇ ಮಡಚಿಕೊಂಡು. ಮೈದಾ ಅಂಟು ಬಳಿದು ಗೋಡೆಗೆ ಹಚ್ಚಿದ್ದು ಮಳೆಗೆ ಹೋಯಿತು. ಉಳಿದದ್ದೆಲ್ಲ ಟಾಕೀಸಿನ ಗೋಡೌನಿನಲ್ಲೋ ಗುಜರಿಯಲ್ಲೋ ಹಚ್ಚದೇ ಬಿದ್ದಿದ್ದ ಪ್ರತಿಗಳು. ಮುಂಬೈ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ನಾನು ಕೊಂಡವೆಲ್ಲ ಮಡಚಿದವೇ. ಹೆದರಬೇಕಾದದ್ದು ಸೆಲ್ಲೋ ಟೇಪಿಗೆ, ಕತ್ತರಿಸಿದ ಅಂಚಿಗೆ (ಅದೇ ಕೆಳಗಿನ ಸಾಲು ಹೋಗಿರುತ್ತದೆ, ಬೇಕಂತಲೇ ಕತ್ತರಿಸಿದ್ದೂ ಇರಬಹುದು), ಎಲ್ಲಕ್ಕಿಂತ ಜಾಸ್ತಿ ಲ್ಯಾಮಿನೇಷನ್ನಿಗೆ. ಹರಿದಿದ್ದರೆ ಅನುಭವ ಇರುವವರ ಹತ್ತಿರ ಬಟ್ಟೆಗೆ ಕೂರಿಸಿಸಿ: ಹಿಂದೆ ತೆಳುವಾದ ಜಪಾನಿ ಕಾಗದ, ಅದರ ಹಿಂದೆ ಬಟ್ಟೆ, ಗೋಧಿ ಗಂಜಿಯ ಅಂಟು. ಬೇಕಾದರೆ ನಾಳೆ ನೀರಲ್ಲಿ ಬಿಡಿಸಬಹುದು. ಲ್ಯಾಮಿನೇಷನ್ ಬಿಡಿಸಲಿಕ್ಕೆ ಹೋದರೆ ಬಣ್ಣವೇ ಕಿತ್ತು ಬರುತ್ತದೆ.

ಮಾರುವುದು ಇನ್ನೊಂದು ಪಾಠ. ಒಂದು ಪೋಸ್ಟರನ್ನು ಕನಿಷ್ಠ ಬೆಲೆ ಹಾಕದೇ ಹರಾಜಿಗೆ ಕೊಟ್ಟೆ, ಆವತ್ತು ಇಬ್ಬರೇ ಬಿಡ್ ಮಾಡಿದರು, 9,000ಕ್ಕೆ ಹೋಯಿತು. ಅದರಲ್ಲಿ ಶೇ. 15 ಹರಾಜಿನವರ ಕಮಿಷನ್, ಕೈಗೆ 7,650. ಕೊಂಡಿದ್ದೇ 8,000ಕ್ಕೆ. ಈಗ ಕನಿಷ್ಠ ಬೆಲೆ ಇಲ್ಲದೆ ಕೊಡುವುದಿಲ್ಲ, ಒಂದೇ ಚಿತ್ರದ ಎರಡು ಪ್ರತಿ ಒಂದೇ ಹರಾಜಿಗೆ ಹಾಕುವುದಿಲ್ಲ. ಬೆನ್ನಿನ ಫೋಟೋ, ಕೆಳಗಿನ ಸಾಲಿನ ಫೋಟೋ, ಸಣ್ಣ ತೂತಿದ್ದರೆ ಅದರ ಫೋಟೋ ಕೂಡ ನಾನೇ ತೆಗೆದು ಕೊಡುತ್ತೇನೆ. ದೋಷ ಮೊದಲೇ ಹೇಳಿದ ಮಾಲಿಗೆ ಜಗಳ ಕಡಿಮೆ, ಬಿಡ್ ಮಾಡುವವರಿಗೂ ಧೈರ್ಯ. ಹಿಂದಿಯ ದೊಡ್ಡ ಚಿತ್ರಗಳಿಗೆ ದೇಶವಿಡೀ ಗಿರಾಕಿ. ಕನ್ನಡದ್ದಕ್ಕೆ ನಾನು ಕಂಡಂತೆ ಬೆರಳೆಣಿಕೆ ಜನ, ಆದರೆ ಅವರು ಹಟ ಹಿಡಿದರೆ ಬಿಡುವವರಲ್ಲ.

ನನ್ನ ಹತ್ತಿರ 1972ರ ‘ಬಂಗಾರದ ಮನುಷ್ಯ’ ಒಂದಿದೆ. ಗುಜರಿಯಲ್ಲಿ ಸಿಕ್ಕಿದ್ದು, ನೂರು ರೂಪಾಯಿಗೆ. ಏನೂ ಗೊತ್ತಿಲ್ಲದ ಕಾಲದಲ್ಲಿ ಹಾಳಾಗದೇ ಇರಲಿ ಅಂತ ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿಬಿಟ್ಟೆ. ಹಾಲಿನಲ್ಲಿ ನೇತುಹಾಕಿದ್ದೇನೆ. ನೋಡಿದವರೆಲ್ಲ ಎಷ್ಟಕ್ಕೆ ಕೊಡುತ್ತೀರಿ ಅಂತ ಕೇಳುತ್ತಾರೆ, ಹತ್ತಿರ ಹೋಗಿ ಮುಟ್ಟಿ ನೋಡಿದ ಮೇಲೆ ಕಾಫಿ ಕುಡಿದು ಹೊರಡುತ್ತಾರೆ.