ಬೂಟ್‌ಲೋಡರ್ ಕೋಡ್‌ನಿಂದ ಬೇಡದ ಪ್ಯಾರಾಮೀಟರ್ ತೆಗೆಯುವುದು ಹೇಗೆ?

ಫೆಬ್ರುವರಿ, ಮಾರ್ಚ್ ಬಂತೆಂದರೆ ಸಕಲೇಶಪುರದ ಕಡೆ ರೊಬಸ್ಟಾ ತೋಟಗಳಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ. ಪಂಪ್ ನಡೆಸುವ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ಇದೆ ಎಂದುಕೊಳ್ಳಿ. ಕರೆಂಟ್ ಬಂದ ಕೂಡಲೇ ರ‍್ಯಾಮ್ ಹೊಂದಿಸಿ, ಲಿನಕ್ಸ್ ಎಬ್ಬಿಸುವುದು ಬೂಟ್‌ಲೋಡರ್. ಅದೇ ಕೆಟ್ಟರೆ ಹಾಸನದಲ್ಲಿ ಕೂತು ಸರಿಮಾಡಲು ಆಗಲ್ಲ. ತೋಟಕ್ಕೇ ಹೋಗಿ, ಪೆಟ್ಟಿಗೆ ಬಿಚ್ಚಿ, ಸೀರಿಯಲ್ ವೈರ್ ಸಿಕ್ಕಿಸಬೇಕು. ಹಾಗಾಗಿ ಇಲ್ಲಿ ಒಂದು ಪದ ಅಳಿಸುವಾಗಲೂ ನಿಧಾನ ಬೇಕು.

ಫಂಕ್ಷನ್ ಕರೆಯುವಾಗ ಅದಕ್ಕೆ ಕೊಡುವ ಬೆಲೆಯ ಹೆಸರೇ ಪ್ಯಾರಾಮೀಟರ್. ಬಳಸದ ಪ್ಯಾರಾಮೀಟರ್ ಸುಮ್ನೆ ಇದ್ದರೆ ಏನು ತೊಂದರೆ? ರ‍್ಯಾಮ್ ಹೊಂದಿಸುವ ಫಂಕ್ಷನ್ ‘ಬೋರ್ಡ್ ನಂಬರ್’ ಕೇಳುತ್ತದೆ, ಒಳಗೆ ಅದನ್ನು ಮುಟ್ಟುವುದೇ ಇಲ್ಲ. ಹೊಸಬರು ಓದಿದರೆ ಬೋರ್ಡ್‌ಗೆ ತಕ್ಕಂತೆ ರ‍್ಯಾಮ್ ಬದಲಾಗುತ್ತದೆ ಎಂದೇ ನಂಬುತ್ತಾರೆ. ತಪ್ಪು ಹುಡುಕುತ್ತಾ ಇಡೀ ದಿನ ಹೋಗುತ್ತದೆ.

ಮೊದಲು ಪತ್ತೆ ಮಾಡಿ. ಜಿಸಿಸಿ ಎಂಬ ಸಿ ಕಂಪೈಲರ್‌ಗೆ ಎಚ್ಚರಿಕೆ ಕೇಳುವ ‘ಡಬ್ಲ್ಯು-ಆಲ್’ (-Wall) ಆಯ್ಕೆ ಒಂದೇ ಕೊಟ್ಟರೆ ಬಳಸದ ಪ್ಯಾರಾಮೀಟರ್ ಇದೆ ಎಂದು ಹೇಳುವುದಿಲ್ಲ. ಜೊತೆಗೆ ‘ಡಬ್ಲ್ಯು-ಎಕ್ಸ್‌ಟ್ರಾ’ (-Wextra) ಕೊಡಿ.

ಸಿಕ್ಕ ತಕ್ಷಣ ಅಳಿಸಬೇಡಿ. ಕೋಡ್ ಬದಲಾವಣೆಗಳ ಇತಿಹಾಸ ತೋರಿಸುವ ‘ಗಿಟ್ ಲಾಗ್’ನಲ್ಲಿ ಅದರ ಬಳಕೆ ಯಾವಾಗ ನಿಂತಿತು ಎಂದು ನೋಡಿ. ಯಾರೋ ಕೈತಪ್ಪಿ ಒಂದು ಸಾಲು ಅಳಿಸಿದ್ದರೆ, ಆ ಸಾಲನ್ನು ವಾಪಸ್ ತರುವುದೇ ಸರಿ.

ಆಮೇಲೆ ‘ಗಿಟ್ ಗ್ರೆಪ್’ನಿಂದ ಫಂಕ್ಷನ್ ಹೆಸರನ್ನು ಇಡೀ ಕೋಡ್‌ನಲ್ಲಿ ಹುಡುಕಿ. ಹೆಸರು ಸ್ಟ್ರಕ್ಟ್ (ಹಲವು ಬೆಲೆಗಳ ಕಟ್ಟು) ಒಳಗೆ ಫಂಕ್ಷನ್ ಪಾಯಿಂಟರ್ (ಫಂಕ್ಷನ್‌ನ ವಿಳಾಸ) ಆಗಿ ಕೂತಿದ್ದರೆ ತೆಗೆಯುವ ಕೆಲಸ ಅಲ್ಲಿಗೇ ಬಿಡಿ. ಅದೇ ಸ್ಟ್ರಕ್ಟ್ ಬಳಸುವ ಬೇರೆ ಡ್ರೈವರ್‌ಗಳಿಗೆ ಆ ಪ್ಯಾರಾಮೀಟರ್ ಬೇಕಿರಬಹುದು. ‘ವೀಕ್’ ಫಂಕ್ಷನ್ (ಬೋರ್ಡ್ ತನ್ನದೇ ನಕಲು ಕೊಟ್ಟರೆ ಜಾಗ ಬಿಡುವಂಥದ್ದು) ಆದರೆ ಪ್ರತಿ ಬೋರ್ಡ್‌ನ ಸ್ವಂತ ನಕಲನ್ನೂ ಬದಲಿಸಿ. ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಹೆಸರಷ್ಟೇ ನೋಡುತ್ತದೆ, ಪ್ಯಾರಾಮೀಟರ್ ಎಣಿಸುವುದಿಲ್ಲ.

ಜಾಸ್ತಿ ಅಪಾಯ ಪ್ರೊಸೆಸರ್‌ನ ಆದೇಶಗಳನ್ನೇ ನೇರ ಬರೆದ ಅಸೆಂಬ್ಲಿ ಫೈಲ್‌ಗಳಲ್ಲಿ. 32 ಬಿಟ್ ಆರ್ಮ್ ಪ್ರೊಸೆಸರ್‌ನಲ್ಲಿ ಮೊದಲ ನಾಲ್ಕು ಪೂರ್ಣಾಂಕ ಬೆಲೆಗಳು ಆರ್0ಯಿಂದ ಆರ್3ರವರೆಗಿನ ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಜಾಗಗಳಲ್ಲಿ) ಹೋಗುತ್ತವೆ. ಮೊದಲನೆಯದನ್ನು ತೆಗೆದರೆ, ಆರ್1ರಲ್ಲಿ ಬರುತ್ತಿದ್ದದ್ದು ಆರ್0ಯಲ್ಲಿ ಬರಬೇಕು. ಅಸೆಂಬ್ಲಿ ಹಳೆಯದೇ ಇದ್ದರೂ ಕಂಪೈಲರ್ ಚಕಾರ ಎತ್ತುವುದಿಲ್ಲ. ಬೋರ್ಡ್ ಮಾತ್ರ ಸೀರಿಯಲ್‌ನಲ್ಲಿ ಒಂದಕ್ಷರವೂ ತೋರಿಸದೆ ನಿಂತುಬಿಡಬಹುದು.

ಫಂಕ್ಷನ್ ಕರೆಯುವ ಜಾಗಗಳಲ್ಲೂ ಕಣ್ಣಿಡಿ. ಅಲ್ಲಿ ಬೆಲೆಯ ಬದಲು ಹಾರ್ಡ್‌ವೇರ್‌ನ ಸ್ಥಿತಿ ತಿಳಿಸುವ ಸ್ಟೇಟಸ್ ರಿಜಿಸ್ಟರ್ ಓದುವ ಇನ್ನೊಂದು ಕರೆ ಇರಬಹುದು. ಕೆಲವು ರಿಜಿಸ್ಟರ್‌ಗಳು ಓದಿದಾಗಲೇ ಖಾಲಿಯಾಗುತ್ತವೆ. ಅಂಥ ಓದನ್ನು ಬೇರೆ ಸಾಲಾಗಿ ಉಳಿಸಿಕೊಳ್ಳಿ. ಇದ್ದ ಒಂದೇ ಪ್ಯಾರಾಮೀಟರ್ ಹೋದರೆ ಕಂಸದಲ್ಲಿ ‘ವಾಯ್ಡ್’ ಬರೆಯಿರಿ. ಸಿ23ಕ್ಕೆ ಮುಂಚಿನ ಸಿ ಭಾಷೆಯಲ್ಲಿ ಖಾಲಿ ಕಂಸ ಎಂದರೆ ‘ಏನೂ ಇಲ್ಲ’ ಎಂದರ್ಥವಲ್ಲ.

ಈಗ ಬಿಲ್ಡ್, ಅಂದರೆ ಇಡೀ ಕೋಡ್ ಕಂಪೈಲ್ ಮಾಡಿ ಜೋಡಿಸುವುದು. ನಿಮ್ಮ ಒಂದು ಬೋರ್ಡ್‌ಗೆ ಮಾಡಿದರೆ ಸಾಲದು. ‘ಇಫ್‌ಡೆಫ್’ ಎಂಬ ಷರತ್ತಿನ ಒಳಗಿನ ಕೋಡ್ ಬೇರೆ ಬೋರ್ಡ್‌ಗೆ ಮಾತ್ರ ಕಂಪೈಲ್ ಆಗುವುದುಂಟು. ಯು-ಬೂಟ್ ಎಂಬ ಬೂಟ್‌ಲೋಡರ್‌ನಲ್ಲಿ ‘ಬಿಲ್ಡ್‌ಮ್ಯಾನ್’ ಎಂಬ ಸಾಧನ ಹಲವು ಬೋರ್ಡ್‌ಗಳಿಗೆ ಒಟ್ಟಿಗೇ ಬಿಲ್ಡ್ ಮಾಡುತ್ತದೆ. ಈ ಬದಲಾವಣೆಯನ್ನು ಬೇರೆ ತಿದ್ದುಪಡಿಗಳ ಜೊತೆ ಬೆರೆಸದೆ ಗಿಟ್‌ನಲ್ಲಿ ಒಂದೇ ಕಮಿಟ್ (ದಾಖಲೆ) ಮಾಡಿ.

ಕೊನೆಗೆ ಮೇಜಿನ ಮೇಲಿನ ಬೋರ್ಡ್‌ನಲ್ಲಿ ಓಡಿಸಿ. ಬರೀ ರೀಸೆಟ್ ಒತ್ತಿ ಸುಮ್ಮನಾಗಬೇಡಿ, ಕರೆಂಟ್ ಪೂರ್ತಿ ತೆಗೆದು ನಾಲ್ಕಾರು ಸಲ ಮತ್ತೆ ಕೊಡಿ. ಕರೆಂಟ್ ತೆಗೆಯದಿದ್ದರೆ ಹಿಂದಿನ ಸಲದ ಬೆಲೆಗಳು ಎಲ್ಲೋ ಉಳಿದುಕೊಂಡು ತಪ್ಪನ್ನು ಮುಚ್ಚಿರಬಹುದು. ತೋಟದಲ್ಲಿ ಕರೆಂಟ್ ಹೋಗಿ ಬರುವುದೂ ಹಾಗೇ ಅಲ್ವಾ?