ಎರಡು ಅಡಿ ಟ್ಯಾಂಕಿನಲ್ಲಿ ಒಂದು ಗುಡ್ಡ, ಒಂದು ಬಯಲು: ಗಿಡದ ಅಕ್ವೇರಿಯಂ ಹೊಂದಿಸುವ ಬಗೆ

ಗಿಡ ತರುವ ಮೊದಲು ಟ್ಯಾಂಕಿನಲ್ಲಿ ಎಲ್ಲಿ ಏನೂ ಇರಬಾರದು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಹತ್ತು ಬಗೆಯ ಗಿಡ ತಂದು ಕಂಡಲ್ಲೆಲ್ಲ ನೆಟ್ಟರೆ ಎರಡು ತಿಂಗಳಲ್ಲಿ ಅದು ಸಂತೆಯ ತಪ್ಪಲಪಲ್ಯದ ಬುಟ್ಟಿಯಂತಾಗುತ್ತದೆ. ಧಾರವಾಡದಿಂದ ಕಲಘಟಗಿ ಕಡೆಗೆ ಹೋಗುವಾಗ ಬಯಲು ಮುಗಿದು ಗುಡ್ಡ ಏಳುವುದನ್ನು ನೋಡಿದ್ದೀರಲ್ಲ? ಒಂದು ಬದಿಗೆ ಎತ್ತರ, ಇನ್ನೊಂದು ಬದಿಗೆ ತೆರೆದ ನೆಲ. ನಮಗೆ ಬೇಕಾದದ್ದು ಅದೇ.

ಇಲ್ಲಿನ ಲೆಕ್ಕವೆಲ್ಲ 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರದ ಟ್ಯಾಂಕಿನದು. ತುಂಬಿದರೆ ಸುಮಾರು 65 ಲೀಟರ್. ಕಲ್ಲು, ಮಣ್ಣು ಸೇರಿ 80 ಕಿಲೋ ದಾಟುತ್ತದೆ. ಅಲುಗಾಡದ ಸ್ಟ್ಯಾಂಡ್ ಮೇಲೆ ಥರ್ಮಾಕೋಲ್ ಹಾಳೆ ಹಾಸಿ, ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಬರುವಂತೆ ಇಡಿ. ಮೇಲಿನಿಂದ ನೋಡುವ ಟ್ಯಾಂಕಿನಲ್ಲಿ ಆಳದ ಭ್ರಮೆ ಹುಟ್ಟುವುದಿಲ್ಲ.

ಮುಂದಿನ ಗಾಜಿನ ಮೇಲೆ ಎಡಗಡೆಯಿಂದ 37 ಸೆಂ.ಮೀ.ಗೆ ಒಂದು ಟೇಪು ಅಂಟಿಸಿ. ಉದ್ದವನ್ನು 1:1.618ರಂತೆ ಒಡೆದಾಗ ಬರುವ ಬಿಂದು ಅದು. ಮುಖ್ಯ ಕಲ್ಲಿನ ತುದಿ ಅಲ್ಲಿಗೆ ಬರಬೇಕು. ಚುಕ್ಕಿ ಎಣಿಸಿ ರಂಗೋಲಿ ಹಾಕಿ ರೂಢಿಯಾದ ಕೈ ಕಲ್ಲನ್ನು ನಟ್ಟನಡುವೆ ಇಡಲು ಹೋಗುತ್ತದೆ. ಹಾಗೆ ಇಟ್ಟರೆ ಎರಡೂ ಬದಿ ಸಮನಾಗಿ ಕಣ್ಣು ಒಮ್ಮೆ ನೋಡಿ ಸುಮ್ಮನಾಗುತ್ತದೆ.

ಕಲ್ಲು ಬೆಸ ಸಂಖ್ಯೆಯಲ್ಲಿರಲಿ, ಮೂರು ಅಥವಾ ಐದು. ಕಲ್ಲು ಜೋಡಿಸುವ ಈ ಜಪಾನಿ ಪದ್ಧತಿಗೆ ಇವಾಗುಮಿ ಎನ್ನುತ್ತಾರೆ. ಅಕ್ವೇರಿಯಂನಲ್ಲಿ ಅದನ್ನು ಜನಪ್ರಿಯ ಮಾಡಿದವರು ತಕಾಶಿ ಅಮಾನೊ (1954–2015). ದೊಡ್ಡದು 18–20 ಸೆಂ.ಮೀ., ಎರಡನೆಯದು ಅದರ ಮೂರರಲ್ಲಿ ಎರಡು ಪಾಲು, ಮೂರನೆಯದು 8ರ ಆಸುಪಾಸು. ದೊಡ್ಡದರ ಕಾಲುಭಾಗ ಮಣ್ಣಿನಲ್ಲಿ ಹೂಳಿ, ತುದಿ ನೀರಿನ ಎತ್ತರದ ಮೂರರಲ್ಲಿ ಎರಡರಷ್ಟಕ್ಕೆ ಬರಲಿ. ಎಲ್ಲ ಕಲ್ಲೂ ಒಂದೇ ಜಾತಿಯವಾಗಿರಬೇಕು, ಗೆರೆಗಳು ಒಂದೇ ಕಡೆಗೆ ವಾಲಬೇಕು. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ವಾಲಿದರೆ ಲಾರಿಯಿಂದ ಸುರಿದ ಕಲ್ಲಿನಂತೆ ಕಾಣುತ್ತದೆ.

ಹೊಲದ ಬದುವಿನ ಕಲ್ಲೂ ಆದೀತು, ಆದರೆ ತಿಕ್ಕಿ ತೊಳೆದು, ಒಣಗಿಸಿ, ಮೇಲೆ ವಿನೆಗರ್ ಹನಿಸಿ ನೋಡಿ. ಗುಳ್ಳೆ ಎದ್ದರೆ ಸುಣ್ಣದ ಅಂಶವಿದೆ, ನೀರು ಗಡುಸಾಗುತ್ತದೆ. ಲೋಹದಂತೆ ಹೊಳೆಯುವ ಗೆರೆಯಿದ್ದರೂ ಬೇಡ. ಕಪ್ಪತಗುಡ್ಡ ವನ್ಯಜೀವಿ ಧಾಮ, ಅಲ್ಲಿಂದ ಒಂದು ಕಲ್ಲನ್ನೂ ತರಬೇಡಿ.

ಮಣ್ಣಿಗೆ ನಮ್ಮ ಎರೆಮಣ್ಣು ಬಳಸುವ ಆಸೆ ಹಲವರಿಗೆ. ಅದು ನೀರಿನಲ್ಲಿ ಉಬ್ಬಿ ಕದಡುತ್ತದೆ, ಸುಣ್ಣದ ಹರಳೂ ಇರುತ್ತದೆ. ಅದರ ಬದಲು ಅಕ್ವಾಸಾಯಿಲ್, ಅಂದರೆ ಅಕ್ವೇರಿಯಂ ಗಿಡಗಳಿಗೆಂದೇ ಮಾಡಿದ ಕರಿಹರಳಿನ ಮಣ್ಣು, 9 ಲೀಟರ್ ಚೀಲ ಒಂದು ಸಾಕು. ನೆಲದ ಮೂರರಲ್ಲಿ ಎರಡು ಪಾಲಿಗೆ ಅದನ್ನು ಮುಂದೆ 3, ಹಿಂದಿನ ಎಡಮೂಲೆಗೆ 8, ಹಿಂದಿನ ಬಲಮೂಲೆಗೆ 12 ಸೆಂ.ಮೀ. ಆಗುವಂತೆ ಏರಿಸಿ. ಸಮತಟ್ಟಾಗಿ ಹಾಕಿದರೆ ಟ್ಯಾಂಕು ಅರ್ಧ ಅಗಲಕ್ಕೆ ಕುಗ್ಗಿದಂತೆ ಕಾಣುತ್ತದೆ. ಏರು ತಿಂಗಳುಗಳಲ್ಲಿ ಜಾರಿ ಇಳಿಯುತ್ತದೆ, ಅದಕ್ಕೆ ಮಣ್ಣಿನೊಳಗೆ ಅಡ್ಡಲಾಗಿ ಚಪ್ಪಟೆ ಕಲ್ಲುಗಳನ್ನು ನಿಲ್ಲಿಸಿ ತಡೆ ಕೊಡಿ.

ಉಳಿದ ಒಂದು ಪಾಲಿಗೆ ತೊಳೆದ ಉಸುಕು, ಸುಮಾರು 3 ಕಿಲೋ. ಅದೇ ನಿಮ್ಮ ಬಯಲು. ಎಡಮುಂಭಾಗದಲ್ಲಿ ಅಗಲವಾಗಿ ಶುರುವಾಗಿ, ತುಸು ಬಾಗಿ, ಮುಖ್ಯ ಕಲ್ಲಿನ ಹಿಂದೆ 3 ಸೆಂ.ಮೀ.ಗೆ ಕಿರಿದಾಗಿ ಮರೆಯಾಗಲಿ. ಹೀಗೆ ಕಿರಿದಾದಾಗಲೇ ದೂರ ಅನ್ನಿಸುವುದು. ಹಾಕುವಾಗ ರಟ್ಟಿನ ಪಟ್ಟಿ ಅಡ್ಡ ಹಿಡಿಯಿರಿ. ಗಡಿಗೆ ಸಣ್ಣ ಕಲ್ಲು ಒತ್ತಿ ರಟ್ಟು ತೆಗೆಯಿರಿ. ಗಡಿಕಲ್ಲಿಲ್ಲದಿದ್ದರೆ ಕರಿಹರಳು ವಾರದಲ್ಲೇ ಉಸುಕಿಗೆ ಬೆರೆಯುತ್ತದೆ.

ಈಗ ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಕಲ್ಲು, ನೆಲ ಎರಡೂ ಒಂದೇ ಬೂದುಬಣ್ಣವಾಗಿ ಕಂಡರೆ ಕಲ್ಲು ಬದಲಿಸಿ ಅಥವಾ ಉಸುಕು ಬಿಳಿಯದು ಹಾಕಿ. ಒಂದು ದಿನ ಹಾಗೇ ಬಿಟ್ಟು ಮತ್ತೆ ನೋಡಿ. ನೀರು ತುಂಬಿದ ಮೇಲೆ ಕಲ್ಲು ಸರಿಸುವುದು ಎಂದರೆ ಮತ್ತೆ ಮೊದಲಿಂದ ಕಟ್ಟಿದಂತೆ.

ನೆಡುವಾಗ ದೊಡ್ಡ ಎಲೆ ಮುಂದೆ, ಸಣ್ಣ ಎಲೆ ಹಿಂದೆ. ಹಿಂದಿನ ಬಲಮೂಲೆಗೆ ರೊಟಾಲಾ ರೊಟುಂಡಿಫೋಲಿಯಾದ 15–20 ಕಡ್ಡಿ, 8 ಸೆಂ.ಮೀ.ಗೆ ಕತ್ತರಿಸಿ, ಎರಡೆರಡು ಸೆಂ.ಮೀ. ಅಂತರದಲ್ಲಿ. ನಡುವೆ ಕ್ರಿಪ್ಟೊಕೊರಿನ್ ವೆಂಟಿ ಐದು. ಕಲ್ಲಿನ ಸಂದಿಗೆ ಅನುಬಿಯಾಸ್ ನಾನಾ ಎರಡು. ಅದರ ದಪ್ಪ ಕಾಂಡ ಹೂಳಿದರೆ ಕೊಳೆಯುತ್ತದೆ, ದಾರದಿಂದ ಕಟ್ಟಿ. ಕೆಂಪು ಬೇಕಿದ್ದರೆ ಅಲ್ಟರ್ನಾಂಥೆರಾದ ಐದು ಕಡ್ಡಿ, ಮುಖ್ಯ ಕಲ್ಲಿನ ಹತ್ತಿರ ಒಂದೇ ಕಡೆ. ಮೂಲೆಯಲ್ಲಿ ಕೆಂಪಿಟ್ಟರೆ ಕಣ್ಣು ಟ್ಯಾಂಕಿನಿಂದ ಆಚೆ ಜಾರುತ್ತದೆ. ಇಂಗಾಲದ ಡೈಆಕ್ಸೈಡ್ ಕೊಡದವರು ನೆಲಕ್ಕೆ ಹಬ್ಬುವ ಮಾಂಟೆ ಕಾರ್ಲೋ ಗಿಡದ ಹಸಿರು ಹಾಸಿಗೆಯ ಆಸೆ ಬಿಡುವುದು ಒಳ್ಳೆಯದು, ಉಸುಕೇ ಅಂದ.

ಕ್ರಿಪ್ಟೊಕೊರಿನ್ ಮೊದಲ ವಾರಗಳಲ್ಲಿ ಎಲೆ ಕರಗಿಸಬಹುದು. ಕಿತ್ತೆಸೆಯಬೇಡಿ, ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ದೀಪ ಮೊದಲ ಮೂರು ವಾರ ದಿನಕ್ಕೆ 6 ಗಂಟೆ ಮಾತ್ರ, ಹೆಚ್ಚಾದರೆ ಪಾಚಿ. ಹೊಸ ಅಕ್ವಾಸಾಯಿಲ್ ಅಮೋನಿಯಾ ಬಿಡುವುದರಿಂದ ಮೊದಲ ವಾರ ದಿನ ಬಿಟ್ಟು ದಿನ ಅರ್ಧ ನೀರು ಬದಲಿಸಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ನಳ ದಿನಗಟ್ಟಲೆ ಬಿಟ್ಟು ಬರುವ ಓಣಿಯವರು 100 ಲೀಟರಿನ ಡ್ರಮ್ ತುಂಬಿಸಿಟ್ಟ ಮೇಲೆಯೇ ನೆಡಲು ಕೈ ಹಾಕಿ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ಗದಗ ಕಡೆ ಬೋರ್ ನೀರು ಗಡುಸಾಗಿದ್ದರೆ ಆರ್.ಓ. ನೀರನ್ನು ಅರ್ಧಕ್ಕರ್ಧ ಬೆರೆಸಿ.

ಮೂರನೇ ವಾರ ರೊಟಾಲಾವನ್ನು ಅರ್ಧಕ್ಕೆ ಕತ್ತರಿಸಿ. ಒಂದು ಕಡ್ಡಿ ಎರಡು ಕವಲಾಗುತ್ತದೆ. ಕತ್ತರಿಸುವಾಗ ಬಲಮೂಲೆ ಎತ್ತರ, ಎಡಕ್ಕೆ ಇಳಿಜಾರು ಉಳಿಯಲಿ. ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ನೀರಿನ ಪರೀಕ್ಷೆಯಲ್ಲಿ ಸೊನ್ನೆಗೆ ಬಂದ ಮೇಲೆ ಮೀನು: ಹತ್ತು ನಿಯಾನ್ ಟೆಟ್ರಾ. ಮೀನು ಸಣ್ಣದಿದ್ದಷ್ಟೂ ಗುಡ್ಡ ದೊಡ್ಡದಾಗಿ ಕಾಣುತ್ತದೆ. ಒಂದು ಏಂಜಲ್ ಮೀನು ಬಿಟ್ಟರೆ ಅದೇ ಗುಡ್ಡ ಬರೀ ಕಲ್ಲಾಗುತ್ತದೆ.