ಕಬ್ಬಿನ ಗಾಡಿ, ದಸರಾ ಆನೆ, ಒತ್ತಕ್ಷರ: ನಾನು ಮೋಷನ್ ಗ್ರಾಫಿಕ್ಸ್ ಕಲಿತ ಬಗೆ

ಮಂಡ್ಯದ ಒಂದು ಡಿಟಿಪಿ ಅಂಗಡಿಯಲ್ಲಿ ನನ್ನ ಕೆಲಸ. ಲಗ್ನಪತ್ರಿಕೆ, ಫ್ಲೆಕ್ಸ್, ಗೃಹಪ್ರವೇಶದ ಕಾರ್ಡು, ಎಲ್ಲವೂ ಕೋರಲ್‌ಡ್ರಾದಲ್ಲೇ. ಕೆಲವು ವರ್ಷಗಳಿಂದ ಪತ್ರಿಕೆ ಮಾಡಿಸಲು ಬಂದವರು ಎದ್ದು ಹೊರಡುವಾಗ ಒಂದು ಮಾತು ಸೇರಿಸತೊಡಗಿದರು: “ಅಣ್ಣ, ಇದ್ನೇ ವಾಟ್ಸ್‌ಆಪ್‌ಗೆ ಹಾಕೋ ಹಂಗೆ ಒಂದು ವಿಡಿಯೋನೂ ಮಾಡ್ಕೊಟ್ಬುಡಿ.” ರೆಡಿಮೇಡ್ ಟೆಂಪ್ಲೇಟ್‌ಗೆ ಹೆಸರು ತುಂಬಿ ಕೊಡುವುದು ಸುಲಭ. ಆದರೆ ನನಗೆ ಸಿಕ್ಕಿದ ಟೆಂಪ್ಲೇಟ್‌ಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆಂದೇ ಮಾಡಿದವು. ಕನ್ನಡ ಹಾಕಿದರೆ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ದೀರ್ಘ ಒಂದು ಕಡೆ, ಅಕ್ಷರ ಒಂದು ಕಡೆ ಹಾರುತ್ತದೆ. ಮದುಮಗಳ ಹೆಸರೇ ತಪ್ಪಾಗಿ ಕಾಣುವ ವಿಡಿಯೋ ಕೊಡಲು ಮನಸ್ಸು ಒಪ್ಪಲಿಲ್ಲ. ಅಕ್ಷರ, ಚಿತ್ರಗಳನ್ನು ಚಲಿಸುವಂತೆ ಮಾಡುವ ಈ ಮೋಷನ್ ಗ್ರಾಫಿಕ್ಸನ್ನು ಬುಡದಿಂದಲೇ ಕಲಿಯೋಣ ಎಂದು ಕೂತೆ.

ಯಾವ ಸಾಫ್ಟ್‌ವೇರ್ ಎಂಬ ಚರ್ಚೆಗೆ ಜಾಸ್ತಿ ಹೊತ್ತು ಕೊಡಬೇಕಿಲ್ಲ. ಬ್ಲೆಂಡರ್ ಪೂರ್ತಿ ಉಚಿತ, 2002ರಿಂದ ಮುಕ್ತ ತಂತ್ರಾಂಶ. ಅದರ ಗ್ರೀಸ್ ಪೆನ್ಸಿಲ್‌ನಲ್ಲಿ ಕೈಯಲ್ಲಿ ಬರೆದ ಚಿತ್ರವನ್ನೂ ಚಲಿಸುವಂತೆ ಮಾಡಬಹುದು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೊಳಗೇ ಇಂಥ ಕೆಲಸಕ್ಕೆಂದೇ ಇರುವ ಫ್ಯೂಷನ್ ವಿಭಾಗ ಇದೆ. ನಾನು ಹಿಡಿದದ್ದು ಆಫ್ಟರ್ ಎಫೆಕ್ಟ್ಸ್. ಫೋಟೋಶಾಪ್ ಬಳಸಿದವರಿಗೆ ಚಿತ್ರಗಳನ್ನು ಒಂದರ ಮೇಲೊಂದು ಪದರವಾಗಿ ಜೋಡಿಸುವ ಅದರ ಲೇಯರ್ ಲೆಕ್ಕ ಬೇಗ ಅರ್ಥವಾಗುತ್ತದೆ. ತಿಂಗಳ ಚಂದಾ ಕಟ್ಟಬೇಕು, ಮೆಮೊರಿಯೂ ಜಾಸ್ತಿ ಬೇಕು. ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಪ್ರಿವ್ಯೂವನ್ನು ಕಾಲು ಭಾಗ ಸ್ಪಷ್ಟತೆಗೆ ಇಳಿಸಿಕೊಂಡೇ ಕಲಿತೆ.

ಮೊಬೈಲಿಗೆ ತಕ್ಕಂತೆ 1080×1920 ಅಳತೆ, ಸೆಕೆಂಡಿಗೆ 25 ಫ್ರೇಮ್. ಇಷ್ಟಿಟ್ಟು ಹೊಸ ಕಾಂಪೊಸಿಷನ್ (ಕೆಲಸ ಮಾಡುವ ಹಾಳೆ) ತೆರೆದರೆ ಪ್ರತಿ ಲೇಯರಿಗೂ ಐದು ಗುಣ ಸಿಗುತ್ತವೆ: ಆಂಕರ್ ಪಾಯಿಂಟ್ (ಸುತ್ತುವ ಕೇಂದ್ರ), ಪೊಸಿಷನ್ (ಜಾಗ), ಸ್ಕೇಲ್ (ಗಾತ್ರ), ರೊಟೇಷನ್ (ತಿರುಗುವಿಕೆ), ಒಪ್ಯಾಸಿಟಿ (ಎಷ್ಟು ಗಾಢ). ಕೀಬೋರ್ಡಿನಲ್ಲಿ ಎ, ಪಿ, ಎಸ್, ಆರ್, ಟಿ. ಪಕ್ಕದ ಸ್ಟಾಪ್‌ವಾಚ್ ಒತ್ತಿದರೆ ಆ ಕ್ಷಣದ ಸ್ಥಿತಿಗೆ ಒಂದು ಗುರುತು, ಅಂದರೆ ಕೀಫ್ರೇಮ್, ಬೀಳುತ್ತದೆ. ಮುಂದೆ ಹೋಗಿ ಅಂಕಿ ಬದಲಿಸಿದರೆ ಇನ್ನೊಂದು. ನಡುವಿನದನ್ನು ಯಂತ್ರ ತುಂಬುತ್ತದೆ. ಬಹಳ ಕಾಲ ಈ ಐದನ್ನು ಬಿಟ್ಟು ನಾನು ಎಫೆಕ್ಟ್ ಮೆನು ತೆರೆಯಲೇ ಇಲ್ಲ. ಹೊಸದಾಗಿ ಕಲಿಯುವ ಹುಡುಗರಿಗೂ ಇದನ್ನೇ ಒತ್ತಿ ಹೇಳುತ್ತೇನೆ. ಮಿಂಚು, ಹೊಗೆ, ಬೆಳಕಿನ ಚೂರು ಎಲ್ಲ ಆಮೇಲೆ.

ಅಭ್ಯಾಸಕ್ಕೆ ಆರಿಸಿಕೊಂಡದ್ದು ಕಬ್ಬಿನ ಗಾಡಿ. ಗಾಡಿ ಒಂದು ಲೇಯರ್, ಗಾಲಿ ಇನ್ನೊಂದು. ಗಾಲಿಯ ಆಂಕರ್ ಪಾಯಿಂಟನ್ನು ಸರಿಯಾಗಿ ಗುಂಬದ ನಡುವಿಗೆ ತರಬೇಕು, ಇಲ್ಲದಿದ್ದರೆ ಸುತ್ತುವಾಗ ಓಲಾಡುತ್ತದೆ. ಗಾಲಿಯನ್ನು ಗಾಡಿಗೆ ಪೇರೆಂಟ್ ಮಾಡಿದರೆ ಗಾಡಿ ಹೋದಲ್ಲಿಗೆ ಗಾಲಿಯೂ ಹೋಗುತ್ತದೆ. ಎಷ್ಟು ಸುತ್ತಬೇಕು ಎನ್ನುವುದಕ್ಕೆ ಹೈಸ್ಕೂಲಿನ ಲೆಕ್ಕವೇ ಸಾಕು. ಗಾಲಿಯ ವ್ಯಾಸ 200 ಪಿಕ್ಸೆಲ್ ಇದ್ದರೆ ಒಂದು ಸುತ್ತಿಗೆ ಗಾಡಿ ಸುಮಾರು 628 ಪಿಕ್ಸೆಲ್ ಸಾಗಬೇಕು. ಅದಕ್ಕಿಂತ ಜಾಸ್ತಿ ಸುತ್ತಿದರೆ ಗಾಲಿ ಕೆಸರಿನಲ್ಲಿ ಜಾರುತ್ತಿರುವಂತೆ, ಕಮ್ಮಿ ಸುತ್ತಿದರೆ ಗಾಡಿಯನ್ನು ಯಾರೋ ಎಳೆದೊಯ್ಯುತ್ತಿರುವಂತೆ ಕಾಣುತ್ತದೆ. ಗಾಡಿ ನೋಡಿ ಬೆಳೆದ ಕಣ್ಣು ಈ ವ್ಯತ್ಯಾಸವನ್ನು ತಕ್ಷಣ ಹಿಡಿಯುತ್ತದೆ.

ಎರಡು ಕೀಫ್ರೇಮ್ ನಡುವೆ ಯಂತ್ರ ತುಂಬುವುದು ಒಂದೇ ಸಮನಾದ ವೇಗ. ಭಾರ ಇರುವ ಯಾವುದೂ ಹಾಗೆ ಹೊರಡುವುದಿಲ್ಲ, ಹಾಗೆ ನಿಲ್ಲುವುದೂ ಇಲ್ಲ. ಎಫ್ 9 ಒತ್ತಿದರೆ ಈಸಿ ಈಸ್ ಬಂದು ಶುರು ಮತ್ತು ಕೊನೆ ಮೆತ್ತಗಾಗುತ್ತವೆ. ಆದರೆ ಎಲ್ಲದಕ್ಕೂ ಎಫ್ 9 ಒತ್ತಿದರೆ ಎಲ್ಲವೂ ಒಂದೇ ತೂಕದ್ದಾಗಿ ಕಾಣುತ್ತವೆ. ಗ್ರಾಫ್ ಎಡಿಟರ್ ತೆರೆದು ವೇಗದ ಏರಿಳಿತ ತೋರಿಸುವ ಗೆರೆಯನ್ನು ಕೈಯಾರೆ ಬಗ್ಗಿಸಲೇಬೇಕು.

ಹೇಗೆ ಬಗ್ಗಿಸುವುದು? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಮೈಸೂರಿನಲ್ಲಿ. ದಸರಾಗೆ ಮುಂಚೆ ಗಜಪಡೆಗೆ ಮರಳು ಮೂಟೆ ಹೊರಿಸಿ ಅರಮನೆಯಿಂದ ಬನ್ನಿಮಂಟಪದವರೆಗೆ ತಾಲೀಮು ಕೊಡುತ್ತಾರಲ್ಲ, ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ನಿಂತು ಅದನ್ನು ಮೊಬೈಲಿನಲ್ಲಿ ಹಿಡಿದೆ. 750 ಕೆ.ಜಿ.ಯ ಅಂಬಾರಿ ಹೊರಬೇಕಾದ ಪ್ರಾಣಿ ಅದು. ಮನೆಗೆ ಬಂದು ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಮೊದಲು ಹಿಂದಿನ ಎಡಗಾಲು, ಆಮೇಲೆ ಮುಂದಿನ ಎಡಗಾಲು, ಹಿಂದಿನ ಬಲಗಾಲು, ಮುಂದಿನ ಬಲಗಾಲು. ಬೆನ್ನು ಹೆಚ್ಚು ಮೇಲೆ ಕೆಳಗೆ ಆಗುವುದಿಲ್ಲ. ಆಡುವುದೆಲ್ಲ ತಲೆ, ಸೊಂಡಿಲು, ಕಿವಿ. ನೆಲಕ್ಕೆ ಊರಿದ ಪಾದ ಭಾರಕ್ಕೆ ಅಗಲವಾಗುತ್ತದೆ, ಎತ್ತಿದೊಡನೆ ಕಿರಿದಾಗುತ್ತದೆ. ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್ಸ್‌ಟನ್ 1981ರಲ್ಲಿ ವಿವರಿಸಿದ ಅನಿಮೇಷನ್ನಿನ ಹನ್ನೆರಡು ಸೂತ್ರಗಳಲ್ಲಿ ಸ್ಕ್ವಾಶ್ ಅಂಡ್ ಸ್ಟ್ರೆಚ್ (ಒತ್ತಿದಾಗ ಅಗಲವಾಗುವುದು, ಎಳೆದಾಗ ಉದ್ದವಾಗುವುದು) ಮೊದಲನೆಯದು. ಪಾಠದಲ್ಲಿ ಪುಟಿಯುವ ಚೆಂಡಿನಲ್ಲಿ ನೋಡಿದ್ದೆ. ಮನಸ್ಸಿಗೆ ನಾಟಿದ್ದು ಆ ಪಾದದಲ್ಲಿ. ಪತ್ರಿಕೆಯ ಕಳಸ ಕೆಳಗಿಳಿದು ಕೂರುವಾಗ, ಹೂವಿನ ಎಸಳು ಬೀಳುವಾಗ ಗ್ರಾಫ್ ಬೇರೆ ಬೇರೆ ಆಗಬೇಕು ಎಂಬುದು ಆಮೇಲೆ ಯಾರೂ ಹೇಳಿಕೊಡದೆಯೇ ಬಂತು.

ಇನ್ನು ಕನ್ನಡ ಅಕ್ಷರ. ನಿಜವಾದ ಕೆಲಸ ಇರುವುದು ಇಲ್ಲೇ.

ಡಿಟಿಪಿಯವರ ಹಳೇ ಫೈಲುಗಳು ಬಹುಪಾಲು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿರುತ್ತವೆ. ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ತೀರೋ ಕನ್ನಡ ಉಚಿತವಾಗಿ ಸಿಗುತ್ತವೆ, ಅಚ್ಚುಕಟ್ಟಾಗಿಯೂ ಇವೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಒತ್ತು ಬಿಡಿಬಿಡಿಯಾಗಿ ಕಂಡರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಸೌತ್ ಏಷ್ಯನ್ ಆಯ್ಕೆ ಆಗಿದೆಯೇ ನೋಡಿ.

ಅಷ್ಟಾದರೂ ತೊಡಕು ಮುಗಿಯುವುದಿಲ್ಲ. ‘ಲಕ್ಷ್ಮೀ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಏಳು ಸಂಕೇತ. ಒಂದೊಂದೇ ಅಕ್ಷರ ಮೂಡುವ ಟೈಪ್‌ರೈಟರ್ ಅನಿಮೇಷನ್ ಹಾಕಿದರೆ ಪರದೆಯ ಮೇಲೆ ಲ, ಲಕ, ಲಕ್, ಲಕ್ಷ, ಲಕ್ಷ್, ಲಕ್ಷ್ಮ ಎಂದೆಲ್ಲ ಹಾದು ಕೊನೆಗೆ ಲಕ್ಷ್ಮೀ ಆಗಬಹುದು. ಇದಕ್ಕೆ ನಾನು ಮಾಡುವುದು ಎರಡು ಬಗೆ. ಸಾಲಿಗೆ ಟೆಕ್ಸ್ಟ್ ಅನಿಮೇಟರ್ ಹಾಕಿದರೆ ‘ಬೇಸ್ಡ್ ಆನ್’ ಎಂಬಲ್ಲಿ ಕ್ಯಾರೆಕ್ಟರ್ಸ್ ತೆಗೆದು ವರ್ಡ್ಸ್ ಇಡುತ್ತೇನೆ. ಹೆಸರು ಮಾತ್ರ ಅಕ್ಷರ ಅಕ್ಷರವಾಗಿ ಬರಬೇಕೆಂದರೆ ‘ಲ’ ಒಂದು ಲೇಯರ್, ‘ಕ್ಷ್ಮೀ’ ಇನ್ನೊಂದು ಲೇಯರ್. ಹೊತ್ತು ಹಿಡಿಯುತ್ತದೆ, ಆದರೆ ಹೆಸರು ಹೆಸರಾಗಿಯೇ ಮೂಡುತ್ತದೆ.

ಪದ ಒಂದು ಗೆರೆಯ ಹಿಂದಿನಿಂದ ಮೇಲೇಳುವಂತೆ ಮಾಸ್ಕ್ (ಒಂದು ಭಾಗ ಮಾತ್ರ ಕಾಣಿಸುವ ಮರೆ) ಹಾಕುವಾಗ ಕೆಳಗೆ ಒತ್ತಿಗೆ ಜಾಗ ಬಿಡಿ. ಇಂಗ್ಲಿಷ್ ಅಳತೆಯ ಮಾಸ್ಕ್ ‘ಶ್ರೀ’ಯ ಬುಡವನ್ನೇ ಕತ್ತರಿಸುತ್ತದೆ, ಅದೂ ಪತ್ರಿಕೆಯ ಮೊದಲ ಅಕ್ಷರವನ್ನು.

ಕೊನೆಗೆ ವಿಡಿಯೋ ಫೈಲ್ ಆಗಿಸುವ ರೆಂಡರ್ ಎಚ್.264 ಎಂಬ ವಿಡಿಯೋ ಬಗೆಯಲ್ಲಿ. ವಾಟ್ಸ್‌ಆಪ್ ಮತ್ತೆ ಕುಗ್ಗಿಸುವುದರಿಂದ ಎಳೆ ಸಣ್ಣಗಿರುವ ಫಾಂಟ್ ಮಸುಕಾಗುತ್ತದೆ, ದಪ್ಪದ್ದೇ ಇರಲಿ. ಧಾರಾ ಮುಹೂರ್ತದ ಸಾಲನ್ನು ನಾನೇ ನಿಧಾನಕ್ಕೆ ಎರಡು ಸಲ ಗಟ್ಟಿಯಾಗಿ ಓದಿ, ಅಷ್ಟು ಹೊತ್ತು ಪರದೆಯ ಮೇಲೆ ನಿಲ್ಲಿಸುತ್ತೇನೆ, ಕನ್ನಡಕ ಹುಡುಕಿಕೊಂಡು ಓದುವ ಹಿರಿಯರಿಗೂ ಸಿಗಬೇಕು. ಕಲ್ಯಾಣ ಮಂಟಪದ ವಿಳಾಸ, ಬೀಗರ ಔತಣದ ದಿನ ಕೊನೆಯಲ್ಲಿ ಯಾವ ಚಲನೆಯೂ ಇಲ್ಲದೆ ಬರುತ್ತವೆ. ಜನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಅದನ್ನೇ.